ಸಂಬಳದ ಚೀಟಿಯ ಹಿಂದಿನವರು

ಮಹಾರಾಷ್ಟ್ರದಲ್ಲಿ ಸಂಬಳಕ್ಕೆ ದುಡಿಯುವ ನಮ್ಮಂಥವರಿಗೆ ಪ್ರತಿ ಫೆಬ್ರವರಿಯಲ್ಲೂ ಒಂದು ಸಣ್ಣ ಅನುಮಾನ ಹುಟ್ಟುತ್ತದೆ. ಹನ್ನೊಂದು ತಿಂಗಳು 200 ರೂಪಾಯಿ ಕಡಿತವಾಗುವ ವೃತ್ತಿ ತೆರಿಗೆ ಆ ಒಂದು ತಿಂಗಳು ಮಾತ್ರ 300 ರೂಪಾಯಿ ಆಗಿರುತ್ತದೆ. ನೂರು ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೂ ಕೋಟಿಗಟ್ಟಲೆ ರೂಪಾಯಿ ಕಾಮಗಾರಿಯ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರುಗಳೂ ಸಂಬಳದ ಚೀಟಿ ಹಿಡಿದುಕೊಂಡು ಅಡ್ಮಿನ್ ಟೇಬಲ್ಲಿಗೆ ಹೋಗಿ ‘ಇದೇನಿದು?’ ಎಂದು ಕೇಳುತ್ತಾರೆ. ಉತ್ತರ ಸರಳ. ಸಂವಿಧಾನದ 276ನೇ ವಿಧಿಯ ಪ್ರಕಾರ ಒಬ್ಬ ವ್ಯಕ್ತಿಯ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಹನ್ನೊಂದು ಸಲ 200 ಅಂದರೆ 2,200. ಉಳಿದ 300 ಫೆಬ್ರವರಿಯ ಪಾಲಿಗೆ.

ಈ ಲೆಕ್ಕ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ಇದೇ ಪ್ರಶ್ನೆಗೆ ಪ್ರತಿ ವರ್ಷ ಮೂವತ್ತು ನಲವತ್ತು ಜನರಿಗೆ, ಈಗಷ್ಟೇ ಮೊದಲ ಸಲ ಕೇಳಿಸಿಕೊಂಡವರಂತೆ, ಮುಖ ಸಿಂಡರಿಸದೆ ಉತ್ತರ ಹೇಳುವ ವಿದ್ಯೆ ಪುಸ್ತಕದಲ್ಲಿಲ್ಲ. ಅದು ಅಡ್ಮಿನ್ ಟೇಬಲ್ಲಿನಲ್ಲಿ ಕುಳಿತವರಿಗೆ ಮಾತ್ರ ಒಲಿಯುವಂಥದ್ದು. ಈ ಬರಹ ಅಂಥವರ ಬಗ್ಗೆ.

ನಾನು ಕೆಲಸ ಮಾಡುವುದು ಮುಂಬೈ ಅಂಧೇರಿಯ ಒಂದು ಎಂಜಿನಿಯರಿಂಗ್ ಸಲಹಾ ಸಂಸ್ಥೆಯಲ್ಲಿ. ಸೇತುವೆ, ನೀರಿನ ಕೊಳವೆ ಮಾರ್ಗಗಳ ವಿನ್ಯಾಸ ನಮ್ಮ ಕಸುಬು. ಜನ ನೂರ ನಲವತ್ತು. ಅಡ್ಮಿನ್‌ನಲ್ಲಿ ಇರುವವರು ಮೂವರೇ. ದೊಡ್ಡ ಕಂಪನಿಗಳಲ್ಲಿ ಎಚ್‌ಆರ್, ಅಕೌಂಟ್ಸ್, ಅಡ್ಮಿನ್ ಎಂದು ಬೇರೆ ಬೇರೆ ಮಹಡಿಗಳಿರಬಹುದು. ನಮ್ಮಲ್ಲಿ ಎಲ್ಲವೂ ಒಂದೇ ಮೇಜು. ಅದರ ಹಿಂದೆ ಮೂವತ್ತು ವರ್ಷಗಳಿಂದ ಕುಳಿತಿರುವವರು ಒಬ್ಬ ಮಹಿಳೆ. ಪೇಪರಿನಲ್ಲಿ ಹೆಸರು ಹಾಕುವುದು ಬೇಡ ಎಂದಿದ್ದಾರೆ. ಹಾಗಾಗಿ ನಾವೆಲ್ಲ ಕರೆಯುವಂತೆ ‘ತಾಈ’ ಎಂದೇ ಬರೆಯುತ್ತೇನೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನಾನು ಹಾಸನದಿಂದ ಬಂದ ಹೊಸತರಲ್ಲಿ ನಮ್ಮ ತಂದೆ ಫೋನಿನಲ್ಲಿ ಈ ಮಾತು ಕೇಳಿಸಿಕೊಂಡು, ‘ಅಲ್ಲೊಬ್ಬರು ತಾಯಿ ಸಿಕ್ಕಿದ್ದಾರೆ ಬಿಡು’ ಎಂದು ನಕ್ಕಿದ್ದರು.

ತಾಈಯ ತಿಂಗಳು ನಮ್ಮ ತಿಂಗಳಿನಂತೆ ಒಂದರಿಂದ ಮೂವತ್ತಕ್ಕೆ ಹೋಗುವುದಿಲ್ಲ. 7ನೇ ತಾರೀಕು ಟಿಡಿಎಸ್ ಕಟ್ಟಬೇಕು. 15ಕ್ಕೆ ಭವಿಷ್ಯ ನಿಧಿ, ಇಎಸ್‌ಐ. ಜೂನ್ 15ರೊಳಗೆ ಎಲ್ಲರ ಕೈಗೂ ಫಾರ್ಮ್ 16 ಸೇರಬೇಕು. ಇವುಗಳ ನಡುವೆ ಲಿಫ್ಟಿನ ವಾರ್ಷಿಕ ತಪಾಸಣೆ, ಬೆಂಕಿ ನಂದಿಸುವ ಸಿಲಿಂಡರುಗಳ ಮರುಭರ್ತಿ, ಇಲ್ಲಿನ ವ್ಯಾಪಾರಸ್ಥರು ಇವತ್ತಿಗೂ ‘ಗುಮಾಸ್ತಾ ಲೈಸೆನ್ಸ್’ ಎಂದೇ ಕರೆಯುವ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿ, ಸೈಟಿಗೆ ಹೋಗುವವರ ರೈಲು ಟಿಕೆಟ್ಟು, ಕೆಟ್ಟ ಏಸಿ, ಸೋರುವ ನಲ್ಲಿ. ಇಷ್ಟೂ ಸರಿಯಾಗಿ ನಡೆದ ದಿನ ಯಾರೂ ತಾಈಯ ಹೆಸರೆತ್ತುವುದಿಲ್ಲ. ಒಂದು ತಪ್ಪಿದ ದಿನ ಎಲ್ಲರೂ ಎತ್ತುತ್ತಾರೆ.

ಈ ಕೆಲಸದ ಒಂದು ವಿಚಿತ್ರವೇ ಇದು. ಇದರ ಫಲ ಕಣ್ಣಿಗೆ ಕಾಣುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ಕಚೇರಿಯ ನೆಲಮಹಡಿಗೂ ನೀರು ನುಗ್ಗಿತ್ತಂತೆ. ಆಗ ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ. ಬಂದ ಮೇಲೆ ಕಂಡದ್ದು ಇಷ್ಟು: ಪ್ರತಿ ಮೇ ತಿಂಗಳ ಕೊನೆಯ ವಾರ, ನಾವೆಲ್ಲ ‘ಮಾಮಾ’ ಎಂದು ಕರೆಯುವ ಹಿರಿಯ ಪ್ಯೂನ್ ರೆಕಾರ್ಡ್ ಕೋಣೆಯ ಕಬ್ಬಿಣದ ರ‍್ಯಾಕುಗಳ ಕೆಳಗಿನ ಹಲಗೆಯನ್ನು ಪೂರ್ತಿ ಖಾಲಿ ಮಾಡಿ, ಫೈಲುಗಳನ್ನೆಲ್ಲ ಮೇಲಕ್ಕೆ ಏರಿಸುತ್ತಾರೆ. ಅಕ್ಟೋಬರಿನಲ್ಲಿ ಮತ್ತೆ ಇಳಿಸುತ್ತಾರೆ. ಯಾರೂ ಹೇಳಿದ್ದಲ್ಲ, ಯಾವ ಸುತ್ತೋಲೆಯೂ ಇಲ್ಲ. ಆ ಫೈಲುಗಳು ಆಮೇಲೆ ಎಂದೂ ನೆನೆದಿಲ್ಲ. ನೆನೆಯದ ಫೈಲಿಗೆ ಯಾರಾದರೂ ಬಹುಮಾನ ಕೊಟ್ಟದ್ದುಂಟೆ?

ಹೊರನಾಡಿನ ಕನ್ನಡಿಗರಿಗಂತೂ ಈ ಟೇಬಲ್ಲಿನ ಋಣ ಕೊಂಚ ಹೆಚ್ಚೇ ಇದೆ. ಕಾರಣ ನಮ್ಮ ಹೆಸರು. ಹಳೇ ಮೈಸೂರು ಕಡೆಯ ನಮ್ಮಲ್ಲಿ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಇಲ್ಲಿನ ಅರ್ಜಿಗಳಲ್ಲಿ ಮೂರು ಚೌಕ: ಸ್ವಂತ ಹೆಸರು, ತಂದೆಯ ಹೆಸರು, ‘ಆಡನಾವ್’ ಅಂದರೆ ಮನೆತನದ ಹೆಸರು. ಆ ಮೂರನೆಯ ಚೌಕದ ಮುಂದೆ ಪೆನ್ನು ಹಿಡಿದು ಕುಳಿತ ಕನ್ನಡಿಗ ಒಬ್ಬಿಬ್ಬರಲ್ಲ. ಆಧಾರ್‌ನಲ್ಲಿ ಇನಿಷಿಯಲ್ ನಡೆಯುತ್ತದೆ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು ಕ್ರಮ. ಒಬ್ಬನೇ ಮನುಷ್ಯ ಮೂರು ಕಾಗದಗಳಲ್ಲಿ ಮೂರು ಜನವಾಗಿಬಿಡುತ್ತಾನೆ. ಮುಂದೆ ಭವಿಷ್ಯ ನಿಧಿಯ ಹಣ ಕೇಳುವಾಗ ಆ ಮೂವರೂ ಒಬ್ಬನೇ ಎಂದು ರುಜುವಾತು ಮಾಡುವುದು ಸುಲಭದ ಮಾತಲ್ಲ.

ತಾಈಗೆ ಕನ್ನಡ ಬಾರದು. ಆದರೆ ಕನ್ನಡಿಗರ ಹೆಸರಿನ ವ್ಯಾಕರಣ ಚೆನ್ನಾಗಿ ಗೊತ್ತು. ನಮ್ಮ ಕಡೆಯವರು ಹೊಸದಾಗಿ ಸೇರಿದ ದಿನವೇ ಕೂರಿಸಿಕೊಂಡು, ‘ಮೊದಲ ಅಕ್ಷರ ಊರಿನದೋ ಅಪ್ಪನದೋ ಹೇಳಿ’ ಎಂದು ಶುರು ಮಾಡುತ್ತಾರೆ. ಉತ್ತರ ಕರ್ನಾಟಕದವರಾದರೆ, ‘ನಿಮಗೆ ಆಡನಾವ್ ಇರುತ್ತದೆ, ಚಿಂತೆಯಿಲ್ಲ. ಆದರೆ ಆಧಾರ್‌ನಲ್ಲಿ ಅದು ಮುಂದಿದೆಯೋ ಹಿಂದಿದೆಯೋ?’ ಎನ್ನುತ್ತಾರೆ. ಅರ್ಧ ಗಂಟೆಯ ಕೆಲಸ. ಅದರ ಬೆಲೆ ತಿಳಿಯುವುದು ಹತ್ತಿಪ್ಪತ್ತು ವರ್ಷಗಳ ಮೇಲೆ.

ಈ ಶಿಸ್ತು ಅವರಿಗೆ ಎಲ್ಲಿಂದ ಬಂತು? ತಾಈಯ ತಂದೆ ಪರೇಲ್‌ನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದ ಮುಷ್ಕರ ಶುರುವಾದಾಗ ಈಕೆ ಶಾಲೆಯಲ್ಲಿದ್ದರು. ತಂದೆ ಮತ್ತೆ ಗಿರಣಿಗೆ ಹೋಗುವ ಯೋಗ ಬರಲಿಲ್ಲ. ಹತ್ತನೇ ತರಗತಿ ಮುಗಿದೊಡನೆ ತಾಈ ಸೇರಿದ್ದು ಚಾಳಿನ ಪಕ್ಕದ ಟೈಪಿಂಗ್ ಕ್ಲಾಸಿಗೆ. ನಿಮಿಷಕ್ಕೆ 40 ಪದದ ಸರ್ಕಾರಿ ಪರೀಕ್ಷೆ ಪಾಸಾದ ಪ್ರಮಾಣಪತ್ರ ಇವತ್ತಿಗೂ ಅವರ ಡ್ರಾಯರಿನಲ್ಲಿದೆ. ಕಲಿತದ್ದು ಗೋದ್ರೇಜ್ ಯಂತ್ರದಲ್ಲಿ. 1955ರಲ್ಲಿ ಇದೇ ಮುಂಬೈನಲ್ಲಿ ಆ ಕಂಪನಿ ದೇಶದ ಮೊದಲ ಸ್ವದೇಶಿ ಟೈಪ್‌ರೈಟರನ್ನು ತಯಾರಿಸಿತ್ತು. ‘ಟೈಪ್‌ರೈಟರಿನಲ್ಲಿ ಅಳಿಸುವ ಗುಂಡಿ ಇರಲಿಲ್ಲ. ಒಂದು ಅಕ್ಷರ ತಪ್ಪಿದರೆ ಹಾಳೆಯೇ ಹೋಯಿತು, ಕಾರ್ಬನ್ ಕಾಪಿಗಳೂ ಹೋದವು. ಹಾಗಾಗಿ ಬೆರಳಿಗಿಂತ ಮುಂಚೆ ತಲೆ ಓಡಬೇಕಿತ್ತು’ ಎನ್ನುತ್ತಾರೆ.

ಈ ಕತೆ ನಮಗೆ ಹೊಸದೇನಲ್ಲ. ಮುಂಬೈ ಕನ್ನಡಿಗರ ಹಿಂದಿನ ತಲೆಮಾರು ಹತ್ತಿದ್ದೂ ಇದೇ ಏಣಿಯನ್ನು. ಕರಾವಳಿಯಿಂದ ಬಂದ ಹುಡುಗರು ಹಗಲು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಂಥ ಶಾಲೆಗಳನ್ನು ನಡೆಸಿದವು. ಮೆಟ್ರಿಕ್ ಆದ ಮೇಲೆ ಟೈಪಿಂಗ್, ಶೀಘ್ರಲಿಪಿ. ಆಮೇಲೆ ಫೋರ್ಟಿನ ಯಾವುದೋ ಕಂಪನಿಯಲ್ಲೋ ಬ್ಯಾಂಕಿನಲ್ಲೋ ಗುಮಾಸ್ತಿಕೆ. ಊರಿಗೆ ಮನಿಯಾರ್ಡರ್ ಹೋದದ್ದು, ತಂಗಿಯರ ಮದುವೆಯಾದದ್ದು, ತಮ್ಮಂದಿರು ಎಂಜಿನಿಯರುಗಳಾದದ್ದು ಆ ಗುಮಾಸ್ತಿಕೆಯಿಂದ. ನಮ್ಮಲ್ಲಿ ಎಷ್ಟೋ ಜನರ ಇವತ್ತಿನ ಕ್ಯಾಬಿನ್ನು ನಿಂತಿರುವುದು ಅಂಥ ಒಬ್ಬ ಚಿಕ್ಕಪ್ಪನ ಟೈಪ್‌ರೈಟರಿನ ಮೇಲೆ.

ತಾಈಯ ಮೇಜಿನ ಮೇಲಿರುವ ಮುಖ್ಯ ಆಸ್ತಿ ಎರಡು ದಪ್ಪ ರಿಜಿಸ್ಟರುಗಳು. ‘ಆವಕ’ ಮತ್ತು ‘ಜಾವಕ’. ನಮ್ಮ ಎಪಿಎಂಸಿ ಸುದ್ದಿಯಲ್ಲಿ ಈರುಳ್ಳಿಗೂ ಮೆಣಸಿನಕಾಯಿಗೂ ಬರುವ ಆವಕವೇ ಇಲ್ಲಿ ಕಾಗದಕ್ಕೆ ಬಂದಿದೆ. ಒಳಗೆ ಬಂದ ಪ್ರತಿ ಪತ್ರ, ಹೊರಗೆ ಹೋದ ಪ್ರತಿ ಪತ್ರ ಅದರಲ್ಲಿ ಕ್ರಮಸಂಖ್ಯೆಯೊಡನೆ ದಾಖಲಾಗುತ್ತದೆ. ಇಮೇಲ್ ಬಂದ ಮೇಲೂ ಅವರು ಈ ರೂಢಿ ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಹಿರಿಯ ಮ್ಯಾನೇಜರ್ ಒಬ್ಬರು ಬಂದು, ಅವತ್ತು ಹೊರಡುತ್ತಿದ್ದ ಒಂದು ಪತ್ರವನ್ನು ಹಿಂದಿನ ವಾರದ ತಾರೀಕಿಗೆ ಹತ್ತಿಸಿ ಎಂದರು. ನಾನು ಅಲ್ಲೇ ಕೊರಿಯರ್ ಕವರಿಗೆ ವಿಳಾಸ ಬರೆಯುತ್ತಿದ್ದೆ.

‘ಸಾಹೇಬ್, 418 ಆದ ಮೇಲೆ 419. ನಡುವೆ ಜಾಗ ಇಲ್ಲ’ ಎಂದರು ತಾಈ.

‘418 ಎ ಅಂತ ಹಾಕಿದರಾಯಿತಪ್ಪಾ. ಯಾರು ನೋಡ್ತಾರೆ?’

ತಾಈ ವಾದಿಸಲಿಲ್ಲ. ರಿಜಿಸ್ಟರನ್ನೂ ಪೆನ್ನನ್ನೂ ಅವರ ಕಡೆಗೆ ತಿರುಗಿಸಿಟ್ಟರು. ‘ನೀವೇ ಬರೆಯಿರಿ. ಪಕ್ಕದಲ್ಲಿ ಇವತ್ತಿನ ತಾರೀಕು ಹಾಕಿ ಸಹಿ ಮಾಡಿ’ ಎಂದರು. ಮ್ಯಾನೇಜರ್ ಸ್ವಲ್ಪ ಹೊತ್ತು ನಿಂತು, ಏನೂ ಬರೆಯದೆ ಹೋದರು. ಆ ವರ್ಷ ತಾಈಗೆ ಸಂಬಳ ಏರಲಿಲ್ಲ. ಕಾರಣ ಇದೇ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಕಾಮಗಾರಿಯ ಬಿಲ್ಲಿನ ವಿವಾದ ಮಧ್ಯಸ್ಥಿಕೆದಾರರ ಮುಂದೆ ಹೋಯಿತು. ದೊಡ್ಡ ಕಾಮಗಾರಿಯ ಒಪ್ಪಂದಗಳಲ್ಲಿ ಹೆಚ್ಚುವರಿ ಹಣ ಕೇಳುವವರು ಘಟನೆ ನಡೆದ 28 ದಿನಗಳೊಳಗೆ ನೋಟಿಸ್ ಕೊಡಬೇಕೆಂಬ ಷರತ್ತು ಸಾಮಾನ್ಯ. ನಾವು ಕೊಟ್ಟಿದ್ದೆವು. ಎದುರು ಪಕ್ಷದವರು, ಆ ಪತ್ರ ನಮಗೆ ಬಂದೇ ಇಲ್ಲ, ಆಮೇಲೆ ಸೃಷ್ಟಿಸಿದ್ದು ಎಂದರು. ಆಗ ಜಾವಕ ರಿಜಿಸ್ಟರ್ ಮೇಜಿನ ಮೇಲೆ ಬಂತು. ಕ್ರಮಸಂಖ್ಯೆಯಲ್ಲಿ ಒಂದು ಕಡೆಯೂ ಬಿರುಕಿಲ್ಲ, ಒಂದು ಕಡೆಯೂ ‘ಎ’ ಇಲ್ಲ, ತಿದ್ದಿದ ಗುರುತಿಲ್ಲ. ಪತ್ರ ಪಡೆದವರ ಮೊಹರು ಅಂಟಿಸಿದ ಸ್ಥಳಪ್ರತಿ ಪಕ್ಕದಲ್ಲೇ ಇತ್ತು. ಪತ್ರದ ಬಗೆಗಿನ ವಾದ ಅಲ್ಲಿಗೇ ಮುಗಿಯಿತು. ವಕೀಲರಿಗೆ ಶುಲ್ಕ ಸಂದಿತು, ವಿನ್ಯಾಸ ವಿಭಾಗಕ್ಕೆ ಅಭಿನಂದನೆಯ ಮೇಲ್ ಬಂತು. ರಿಜಿಸ್ಟರ್ ತನ್ನ ಮೇಜಿಗೆ ಮರಳಿತು. ‘ಕಾಗದ ಬೋಲಲಾ ಪಾಹಿಜೆ’ ಎಂಬುದು ತಾಈಯ ಮಾತು. ಕಾಗದ ಮಾತಾಡಬೇಕು. ಅದು ಸತ್ಯ ಮಾತಾಡಬೇಕಾದರೆ ಅದನ್ನು ಬರೆಯುವವರು ಯಾರಿಗೂ ಬಗ್ಗಬಾರದು ಎಂಬುದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಅವರ ಕೆಲಸವನ್ನು ನಾನು ತೀರಾ ಹತ್ತಿರದಿಂದ ನೋಡಿದ್ದು ನಾಲ್ಕು ವರ್ಷಗಳ ಹಿಂದೆ, ದುಭಾಷಿಯಾಗಿ.

ನಮ್ಮಲ್ಲಿ ಯಾದಗಿರಿ ಜಿಲ್ಲೆಯ ಒಬ್ಬ ಸರ್ವೇಯರ್ ಇದ್ದರು. ಮೂವತ್ನಾಲ್ಕು ವರ್ಷ. ಒಂದು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೆಂಡತಿ ಮತ್ತು ಎರಡು ವರ್ಷದ ಮಗಳು ಊರಿನಲ್ಲಿದ್ದರು. ನಾವೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ದಿಕ್ಕು ತೋಚದೆ ನಿಂತಿದ್ದಾಗ ತಾಈ ಮಾಮಾನ ಕೈಗೆ ಆಧಾರ್ ನಕಲು ಕೊಟ್ಟು ಒಳಗೆ ಕಳಿಸಿದರು. ವೈದ್ಯರು ಬರೆಯುವ ನಮೂನೆಯಲ್ಲಿ ಹೆಸರು ಆಧಾರ್‌ನಲ್ಲಿ ಇರುವಂತೆಯೇ, ಅಕ್ಷರ ತಪ್ಪದೆ ಇರಬೇಕು ಎಂದು. ಆ ಗಳಿಗೆಯಲ್ಲಿ ಅದು ಕಲ್ಲು ಮನಸ್ಸಿನ ಕೆಲಸದಂತೆ ಕಂಡಿರಬಹುದು. ಆದರೆ ಮರಣ ಪ್ರಮಾಣಪತ್ರ ಹುಟ್ಟುವುದು ಆ ನಮೂನೆಯಿಂದ. ಅದರಲ್ಲಿ ಒಂದಕ್ಷರ ತಪ್ಪಿದರೆ, ಆಮೇಲೆ ಯಾದಗಿರಿಯಿಂದ ಒಬ್ಬ ಹೆಣ್ಣುಮಗಳು ಮುಂಬೈ ಪಾಲಿಕೆಯ ಕಚೇರಿಗೆ ಅಲೆಯಬೇಕು. ಅದು ಹೊಳೆದದ್ದು ಅಲ್ಲಿದ್ದವರಲ್ಲಿ ತಾಈ ಒಬ್ಬರಿಗೇ.

ಇದಕ್ಕೂ ಮುಂಚಿನ ಒಂದು ಮಾತಿದೆ. ಮದುವೆಗೆ ಮೊದಲು ಮಾಡಿದ ಭವಿಷ್ಯ ನಿಧಿಯ ನಾಮನಿರ್ದೇಶನ ಮದುವೆಯ ನಂತರ ಊರ್ಜಿತವಲ್ಲ, ಹೊಸದಾಗಿ ಮಾಡಬೇಕು ಎನ್ನುವುದು ನಿಯಮ. ನಮ್ಮಲ್ಲಿ ಬಹಳ ಜನ ಮದುವೆಯ ಫೋಟೊ ಹಾಕಲು ತೋರುವ ಉತ್ಸಾಹವನ್ನು ಇದಕ್ಕೆ ತೋರುವುದಿಲ್ಲ. ಆತನೂ ‘ನಾಳೆ ಮಾಡ್ತೀನಿ ತಾಈ’ ಎಂದು ತಿಂಗಳುಗಟ್ಟಲೆ ತಳ್ಳಿದ್ದರು. ಕೊನೆಗೆ ಒಂದು ಶನಿವಾರ ತಾಈ ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಆತನ ಪಕ್ಕದಲ್ಲೇ ಕೂತರು. ಊರಿಗೆ ಫೋನ್ ಮಾಡಿಸಿ ಹೆಂಡತಿಯ ಫೋಟೊ, ಆಧಾರ್ ವಾಟ್ಸ್ಯಾಪಿನಲ್ಲಿ ತರಿಸಿ, ಇ-ನಾಮಿನೇಷನ್ ಮುಗಿಯುವ ತನಕ ಏಳಲಿಲ್ಲ. ಮಗು ಹುಟ್ಟಿದ ಮೇಲೆ ಇನ್ನೊಮ್ಮೆ ಹಾಗೇ ಕೂತು ಮಗಳ ಹೆಸರನ್ನೂ ಸೇರಿಸಿದರು.

ಊರಲ್ಲಿ ದಿನಕರ್ಮಗಳು ಮುಗಿದ ಮೇಲೆ ಕ್ಲೇಮಿನ ಕೆಲಸ ಶುರುವಾಯಿತು. ಭವಿಷ್ಯ ನಿಧಿಗೆ ಫಾರ್ಮ್ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಸಂಬಳದಾರ ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಇಡಿಎಲ್‌ಐ ಎಂಬ ವಿಮೆಯಲ್ಲಿ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಇದಕ್ಕೆ ನೌಕರರು ಒಂದು ಪೈಸೆಯನ್ನೂ ಕಟ್ಟುವುದಿಲ್ಲ, ಹಾಗಾಗಿ ಇಂಥದ್ದೊಂದು ಇದೆ ಎಂದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ತಾಈಗೆ ಕನ್ನಡ ಬಾರದು, ಆ ಹೆಣ್ಣುಮಗಳಿಗೆ ಹಿಂದಿಯಾಗಲಿ ಮರಾಠಿಯಾಗಲಿ ಬಾರದು. ದಿನಾ ಸಂಜೆ ಐದೂವರೆಗೆ ಸ್ಪೀಕರ್ ಹಾಕಿ ನಡುವೆ ನಾನು ಕೂರುತ್ತಿದ್ದೆ.

ಮೊದಲ ದಿನವೇ ಒಂದು ತೊಡಕು ಸಿಕ್ಕಿತು. ಆಕೆಯ ಹೆಸರು ಆಧಾರ್‌ನಲ್ಲಿ ‘ಅಮ್ಮ’ ಎಂದು ಮುಗಿಯುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಅವ್ವ’ ಎಂದು. ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಇಬ್ಬರು ಬೇರೆ ಹೆಂಗಸರು. ತಾಈ ನನ್ನಿಂದ ಅಮ್ಮ, ಅವ್ವ ಎರಡರ ಅರ್ಥವನ್ನೂ ಕೇಳಿ ತಿಳಿದುಕೊಂಡು, ‘ಮೊದಲು ಬ್ಯಾಂಕಿನಲ್ಲಿ ತಿದ್ದಿಸಲಿ, ಅಲ್ಲಿಯವರೆಗೆ ಫಾರ್ಮ್ ಕಳಿಸುವುದು ಬೇಡ. ಒಮ್ಮೆ ತಿರಸ್ಕಾರವಾದರೆ ಇನ್ನಷ್ಟು ತಡ’ ಎಂದರು. ಹಾಗೆಯೇ ಆಯಿತು.

ಇನ್ನೊಂದು ದಿನ ಸಹಿಯ ವಿಷಯ ಬಂತು. ಸುಲಭವಾಗಲಿ ಎಂದು ಊರಿನ ಯಾರೋ ಹಿರಿಯರು ಹೆಬ್ಬೆಟ್ಟು ಒತ್ತಿಬಿಡು ಎಂದಿದ್ದರಂತೆ. ಆಕೆ ಫೋನಿನಲ್ಲಿ ನನಗೆ ಹೇಳಿದ್ದು: ‘ಅಣ್ಣಾರ, ನಂಗ ಸಹಿ ಮಾಡಾಕ ಬರ್ತದ. ಹೆಬ್ಬಟ್ಟು ಬ್ಯಾಡ ಅಂತ ಅವರಿಗೆ ಹೇಳ್ರಿ.’ ನಾನು ಮರಾಠಿಯಲ್ಲಿ ಹೇಳಿದೆ. ತಾಈ ತಕ್ಷಣ, ‘ಸಹಿಯನ್ನೇ ಮಾಡಲಿ. ಬ್ಯಾಂಕಿನಲ್ಲಿ ಮಾಡಿದ ಹಾಗೇ ಇರಲಿ. ಎಷ್ಟು ಹೊತ್ತಾದರೂ ಪರವಾಗಿಲ್ಲ’ ಎಂದರು. ಒಬ್ಬಾಕೆಗೆ ತನ್ನ ಹೆಸರನ್ನು ತಾನೇ ಬರೆಯುವ ಛಲ, ಇನ್ನೊಬ್ಬಾಕೆಗೆ ಅದನ್ನು ಸರಿಯಾದ ಚೌಕದಲ್ಲಿ ಬರೆಸುವ ಛಲ. ಪರಸ್ಪರ ಮುಖ ನೋಡದ ಈ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲು ಅವತ್ತು ನನ್ನ ಅನುವಾದವೇ ಬೇಕಿರಲಿಲ್ಲ.

ಮೂರನೆಯ ತಿಂಗಳು ಹಣ ಖಾತೆಗೆ ಬಂತು. ಪಿಂಚಣಿಯೂ ಶುರುವಾಯಿತು. ಆಕೆ ಫೋನ್ ಮಾಡಿ, ‘ಅಣ್ಣಾರ, ರೊಕ್ಕ ಬಂದಾವಂತ ಆ ಅಕ್ಕಾರಿಗೆ ಹೇಳ್ರಿ. ಅವರ ಮಾರಿ ನೋಡಿಲ್ಲ ನಾ. ಆದ್ರ ಅವರ ದನಿ ಗೊತ್ತದ ನಂಗ’ ಎಂದರು. ಗಂಟಲು ಸರಿಮಾಡಿಕೊಂಡು ತಾಈಗೆ ತಿಳಿಸಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ಮಗಳ ಪಿಂಚಣಿ ಬೇರೆ ಬರಬೇಕು. ವಿಧವಾ ಪಿಂಚಣಿಯ ಕಾಲು ಭಾಗ, 25 ವರ್ಷ ತುಂಬುವ ತನಕ. ಅದು ಬಂದಿದೆಯಾ ಕೇಳು’ ಎಂದರು. ವೃತ್ತಿಯ ಹೆಮ್ಮೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನು ಹೇಳುತ್ತೇನೆ. ಕೃತಜ್ಞತೆ ಬಂದು ಬಾಗಿಲಲ್ಲಿ ನಿಂತಿರುವಾಗಲೂ ಉಳಿದ ಕೆಲಸದ ಕಡೆಗೇ ಅವರ ಗಮನ.

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಅರಸನ ಬಿರುದು, ದತ್ತಿಯ ವಿವರ, ಶಾಪ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಎಷ್ಟೋ ಕಡೆ ಅದನ್ನು ಬರೆದ ಸೇನಬೋವನ ಹೆಸರು, ಕೆತ್ತಿದ ರೂವಾರಿಯ ಹೆಸರು ಇರುತ್ತವೆ. ನಮ್ಮ ‘ಶಾನುಭೋಗ’ ಪದ ಬಂದದ್ದು ಆ ಸೇನಬೋವನಿಂದಲೇ ಎನ್ನುತ್ತಾರೆ. ಟೈಪ್‌ರೈಟರಿನ ಕಾಲದಲ್ಲೂ ಅದರ ನೆರಳು ಉಳಿದಿತ್ತು. ಪತ್ರದ ಎಡ ಮೂಲೆಯಲ್ಲಿ ಸಾಹೇಬರ ಇನಿಷಿಯಲ್ ದೊಡ್ಡಕ್ಷರದಲ್ಲಿ, ಗೀಟು ಎಳೆದು ಪಕ್ಕದಲ್ಲಿ ಟೈಪಿಸ್ಟ್‌ನ ಇನಿಷಿಯಲ್ ಸಣ್ಣಕ್ಷರದಲ್ಲಿ. ಇಮೇಲ್ ಬಂದ ಮೇಲೆ ಆ ಮೂಲೆಯೂ ಹೋಯಿತು. ಅಮೆರಿಕದಲ್ಲಿ 1952ರಿಂದ ಸೆಕ್ರೆಟರಿಗಳಿಗೆಂದೇ ಒಂದು ವಾರ ಆಚರಿಸುತ್ತಾ ಬಂದರು. ಈಗ ಏಪ್ರಿಲಿನಲ್ಲಿ ಒಂದು ದಿನವೂ ಇದೆ. ನಮ್ಮಲ್ಲೂ ಕೆಲವು ಕಚೇರಿಗಳಲ್ಲಿ ಅವತ್ತು ಕೇಕ್ ಕತ್ತರಿಸುತ್ತಾರೆ. ಕೇಕ್ ಬೇಡವೆನ್ನಲಾರೆ. ಆದರೆ ನನಗೆ ನಮ್ಮ ಆಯುಧ ಪೂಜೆಯೇ ವಾಸಿ ಅನಿಸುತ್ತದೆ. ಅವತ್ತಾದರೂ ಪಂಚಿಂಗ್ ಮೆಷಿನ್ನು, ಮೊಹರು, ರಿಜಿಸ್ಟರುಗಳಿಗೆ ಕುಂಕುಮ ಬೀಳುತ್ತದೆ. ಇವೂ ಆಯುಧಗಳೇ ಎಂದು ಒಪ್ಪಿಕೊಂಡಂತಾಗುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ವರ್ಷ ನಮ್ಮ ಸಂಸ್ಥೆ ಅಡ್ಮಿನ್ ಕೆಲಸವನ್ನು ಹೊರಗಿನ ಏಜೆನ್ಸಿಗೆ ವಹಿಸಲು ಹೊರಟಿತು. ಇನ್ನು ಏನು ಬೇಕಿದ್ದರೂ ಪೋರ್ಟಲಿನಲ್ಲಿ ಟಿಕೆಟ್ ಹಾಕಬೇಕು, 48 ಗಂಟೆಗಳಲ್ಲಿ ಉತ್ತರ. ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಸುಳ್ಳೇನಲ್ಲ. ಏಸಿ ಕೆಟ್ಟರೆ, ಕುರ್ಚಿ ಮುರಿದರೆ ಟಿಕೆಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಟಿಕೆಟ್ ಹುಟ್ಟುವುದು ಕೇಳುವವರು ಕೇಳಿದಾಗ. ಕೇಳಬೇಕೆಂದೇ ಗೊತ್ತಿಲ್ಲದವರ ಪಕ್ಕಕ್ಕೆ ಅದು ಕುರ್ಚಿ ಎಳೆದುಕೊಂಡು ಬಂದು ಕೂರುವುದಿಲ್ಲ. ಮೇ ತಿಂಗಳಲ್ಲಿ ಕೆಳಗಿನ ಹಲಗೆ ಖಾಲಿ ಮಾಡಿ ಎಂದು ಯಾರೂ ಟಿಕೆಟ್ ಹಾಕುವುದಿಲ್ಲ. ತಾಈಯಂಥವರ ಅರ್ಧಕ್ಕಿಂತ ಹೆಚ್ಚು ಕೆಲಸ ಯಾರೂ ಕೇಳುವ ಮುಂಚೆಯೇ ಮುಗಿದಿರುತ್ತದೆ. ಹಾಗಾಗಿ ಅದು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ, ಉಳಿತಾಯದ ಲೆಕ್ಕ ಹಾಕುವವರಿಗೆ ಕಾಣುವುದೂ ಇಲ್ಲ.

ನಾವು ಮೂವತ್ತೇಳು ಜನ ಸೇರಿ ನಿರ್ದೇಶಕರಿಗೆ ಒಂದು ಪತ್ರ ಬರೆದೆವು. ಹೊಗಳಿಕೆ ಬರೆಯಲಿಲ್ಲ. ಯಾವ ವರ್ಷ ಯಾವ ಫೈಲು, ಯಾವ ಕ್ಲೇಮು, ಯಾವ ರಿಜಿಸ್ಟರಿನ ಯಾವ ಪುಟ ಸಂಸ್ಥೆಗೆ ಏನು ಉಳಿಸಿತು ಎಂದು ಒಂದೊಂದಾಗಿ ಬರೆದೆವು. ಪತ್ರವನ್ನು ಆವಕದಲ್ಲಿ ದಾಖಲಿಸಿಯೇ ಒಳಗೆ ಕಳಿಸಿದ್ದು. ಅದಕ್ಕೆ ಸಂಖ್ಯೆ ಹಾಕಿದವರು ತಾಈ. ಓದಿದರೋ ಇಲ್ಲವೋ, ಏನೂ ಹೇಳಲಿಲ್ಲ. ಫಲ ಪೂರ್ತಿ ನಮ್ಮ ಕಡೆ ಆಗಲಿಲ್ಲ. ಮುಂದಿನ ವರ್ಷ ನಿವೃತ್ತಿಯಾಗುವ ತನಕ ತಾಈ ಉಳಿಯುತ್ತಾರೆ. ಅವರ ಕೈಕೆಳಗಿನ ಹುಡುಗನ ನೌಕರಿ ಕಾಯಂ ಆಗಿಯೇ ಇದೆ. ಮಾಮಾ ಮಾತ್ರ ಏಜೆನ್ಸಿಯ ಪಟ್ಟಿಗೆ ಹೋದರು. ರಜೆ ಕಡಿಮೆಯಾಯಿತು, ಸಂಬಳ ಬರುವ ದಿನ ಹಿಂದೆ ಮುಂದೆ ಆಗುತ್ತದೆ. ಅದೊಂದು ನಮ್ಮೆಲ್ಲರ ಮನಸ್ಸಿನಲ್ಲಿ ಕೊರೆಯುತ್ತಿದೆ. ಈ ಮೇ ತಿಂಗಳಲ್ಲೂ ಅವರು ಕೆಳಗಿನ ಹಲಗೆ ಖಾಲಿ ಮಾಡಿದರು. ಏಜೆನ್ಸಿಯ ಕೆಲಸದ ಪಟ್ಟಿಯಲ್ಲಿ ಅದು ಇಲ್ಲ.

ತಾಈ ಈಗ ಆ ಹುಡುಗನಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಬರೆಸುತ್ತಿದ್ದಾರೆ. ನಾಮನಿರ್ದೇಶನ ಯಾವಾಗ ನೋಡಬೇಕು, ದಕ್ಷಿಣದವರ ಹೆಸರು ಹೇಗೆ ಬಿಡಿಸಬೇಕು, ಯಾವ ಪತ್ರಕ್ಕೆ ಮೊಹರು ಹಾಕಿಸಿಕೊಳ್ಳದೆ ಕೈಬಿಡಬಾರದು. ‘ಅಮ್ಮ, ಅವ್ವ: ಇದೂ ಅದೂ ಒಂದೇ, ಆದರೆ ಬ್ಯಾಂಕಿಗೆ ಅಲ್ಲ’ ಎಂದು ಮರಾಠಿಯಲ್ಲಿ ಬರೆದ ಒಂದು ಸಾಲನ್ನು ಅದರಲ್ಲಿ ಕಂಡೆ.

ಪುಣೆಯಲ್ಲಿರಲಿ, ಚೆನ್ನೈ, ಹೈದರಾಬಾದಿನಲ್ಲಿರಲಿ, ನಿಮ್ಮ ಕಚೇರಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ದೆಹಲಿಯಲ್ಲಾದರೆ ‘ಬಡೇ ಬಾಬು’ ಎಂದು ಕರೆಯುತ್ತಿರಬಹುದು. ಅವರು ‘ಈ ಕಾಗದ ಹೀಗೆ ನಡೆಯೋದಿಲ್ಲ’ ಎಂದಾಗ ಅದನ್ನು ಮೊಂಡುತನವೆನ್ನದೆ, ವೈದ್ಯರ ಮಾತನ್ನು ಕೇಳುವಂತೆ ಕೇಳುವುದು ಅವರಿಗೆ ಸಲ್ಲುವ ಮೊದಲ ಮರ್ಯಾದೆ. ಎರಡನೆಯದು ಲಿಖಿತದಲ್ಲಿ ಸಲ್ಲಬೇಕು. ನಿಮ್ಮ ಕೆಲಸ ಅವರಿಂದ ಸುಗಮವಾದರೆ ಅವರ ಮೇಲಧಿಕಾರಿಗೆ ಎರಡು ಸಾಲಿನ ಮೇಲ್ ಬರೆಯಿರಿ, ಏನು ಮಾಡಿದರು ಎಂದು ಸ್ಪಷ್ಟವಾಗಿ ಹೇಳಿ. ಬಾಯಿಮಾತಿನ ಥ್ಯಾಂಕ್ಸ್ ಅಪ್ರೈಸಲ್ ಕೋಣೆಯೊಳಗೆ ಹೋಗುವುದಿಲ್ಲ, ಕಾಗದ ಹೋಗುತ್ತದೆ. ಮತ್ತು ಈ ವಾರವೇ ಬಿಡುವು ಮಾಡಿಕೊಂಡು ನಿಮ್ಮ ಭವಿಷ್ಯ ನಿಧಿಯ ಖಾತೆಯಲ್ಲಿ ಯಾರ ಹೆಸರಿದೆ, ಅದು ಆಧಾರ್‌ಗೆ ಹೊಂದುತ್ತದೆಯೇ ನೋಡಿ. ಯಾರಾದರೂ ಕುರ್ಚಿ ಎಳೆದುಕೊಂಡು ಬಂದು ನಿಮ್ಮ ಪಕ್ಕದಲ್ಲಿ ಕೂತರೆ, ‘ನಾಳೆ’ ಎನ್ನಬೇಡಿ.